ಸಂಕ್ರಾಂತಿಗೆ ಮಗುವಿಗೊಂದು ಸುಗ್ಗಿ ಬುಟ್ಟಿ

ಸಂಕ್ರಾಂತಿ ಹತ್ತಿರ ಬಂದಂತೆ ನಮ್ಮ ಮನೆಗಳಲ್ಲಿ ಎಳ್ಳಿನ ಕೆಲಸ ಆರಂಭವಾಗುತ್ತದೆ. ಬೆಲ್ಲವನ್ನು ಸಣ್ಣ ಸಣ್ಣ ಅಚ್ಚಾಗಿ ಹೆಚ್ಚಬೇಕು, ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು ಚೂರು ಮಾಡಿ ಬಿಸಿಲಿಗೆ ಹಾಕಬೇಕು, ಕಡಲೆಕಾಯಿ ಬೀಜ ಹುರಿದು ಸಿಪ್ಪೆ ಕೇರಿ ಎರಡು ಹೋಳು ಮಾಡಬೇಕು, ಬಿಳಿ ಎಳ್ಳು ಚಟಪಟ ಎನ್ನುವಂತೆ ಹುರಿಯಬೇಕು. ಹಜಾರದ ತುಂಬ ತಟ್ಟೆ, ಮೊರ, ಪೇಪರು. ಇವುಗಳ ನಡುವೆ ತಪ್ಪು ಹೆಜ್ಜೆ ಇಡುತ್ತ, ಸಿಕ್ಕ ತಟ್ಟೆಗೆ ಕೈ ಹಾಕುತ್ತ, ಎಲ್ಲರಿಂದ ‘ಬೇಡ, ಮುಟ್ಟಬೇಡ’ ಎನ್ನಿಸಿಕೊಳ್ಳುತ್ತ ಓಡಾಡುವ ಒಂದೂವರೆ ಎರಡು ವರ್ಷದ ಮಗುವೊಂದು ನಿಮ್ಮ ಮನೆಯಲ್ಲಿದ್ದರೆ ಈ ವಾರದ ಲೇಖನ ನಿಮಗಾಗಿ.

ಕೆಲವು ವರ್ಷಗಳ ಹಿಂದೆ, ಹಬ್ಬ ಕಳೆದು ಮೂರು ವಾರವಾದ ಮೇಲೆ, ಒಂದೂಮುಕ್ಕಾಲು ವರ್ಷದ ಗಂಡು ಮಗುವನ್ನು ನನ್ನ ಬಳಿಗೆ ಕರೆತಂದರು. ಬಿಡದ ಕೆಮ್ಮು, ಮಧ್ಯೆ ಮಧ್ಯೆ ಜ್ವರ. ಆಗಲೇ ಎರಡು ಬಾರಿ ಆಂಟಿಬಯಾಟಿಕ್ ಔಷಧಿ ಕುಡಿಸಿದ್ದಾಗಿತ್ತು. ‘ಮಗೂಗೆ ಅಸ್ತಮಾ ಇರಬಹುದು ಅಂದಿದಾರೆ ಡಾಕ್ಟ್ರೇ. ನಮ್ಮ ವಂಶದಲ್ಲೇ ಯಾರಿಗೂ ಇಲ್ಲ’ ಎಂದು ಅಜ್ಜಿ ಕಣ್ಣೊರೆಸಿಕೊಂಡರು. ಸ್ಟೆತಾಸ್ಕೋಪ್ ಇಟ್ಟು ಕೇಳಿದರೆ ಎಡಗಡೆ ಉಸಿರಾಟದ ಶಬ್ದ ಚೆನ್ನಾಗಿದೆ, ಬಲಗಡೆ ಕಡಿಮೆ. ಅಸ್ತಮಾ ಹೀಗೆ ಒಂದೇ ಕಡೆ ಬರುವುದಿಲ್ಲ. ‘ಕೆಮ್ಮು ಶುರುವಾದ ದಿನ ಮಗು ಏನು ಮಾಡುತ್ತಿತ್ತು?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಅಜ್ಜಿಯೇ ಹೇಳಿದರು: ‘ಹಬ್ಬದ ಹಿಂದಿನ ದಿನ ಎಳ್ಳು ಬೆರೆಸ್ತಾ ಕೂತಿದ್ದೆ. ತಟ್ಟೆಗೆ ಕೈ ಹಾಕಿ ಬಾಯಿಗೆ ತುಂಬಿಕೊಂಡ. ಗದರಿದೆ. ಅಳ್ತಾ ಅಳ್ತಾ ಕೆಮ್ಮು ಬಂತು, ಮುಖ ಕೆಂಪಗಾಯ್ತು. ಬೆನ್ನು ತಟ್ಟಿದೆ, ಸರಿಹೋಯ್ತು.’

ಸರಿಹೋಗಿರಲಿಲ್ಲ. ಮಗುವಿಗೆ ಅರಿವಳಿಕೆ ಕೊಟ್ಟು, ಬ್ರಾಂಕೋಸ್ಕೋಪ್ ಎಂಬ ನಳಿಗೆಯನ್ನು ಶ್ವಾಸನಾಳದೊಳಗೆ ಇಳಿಸಿ ನೋಡಿದಾಗ ಬಲ ಶ್ವಾಸಕೋಶದ ಕವಲಿನಲ್ಲಿ ಕಡಲೆಕಾಯಿ ಬೀಜದ ಅರ್ಧ ಹೋಳು ಉಬ್ಬಿ ಕೂತಿತ್ತು. ಅದನ್ನು ಹೊರತೆಗೆದ ಮೇಲೆ ಮಗು ಚೇತರಿಸಿಕೊಂಡಿತು. ಮನೆಗೆ ಹೊರಡುವ ದಿನ ಆ ಅಜ್ಜಿ ಕೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ‘ಬೇಡ ಬೇಡ ಅನ್ನೋ ಬದಲು ಅವನ ಕೈಗೂ ಏನಾದರೂ ಕೊಟ್ಟು ಕೂರಿಸಿದ್ದರೆ ಇದು ಆಗ್ತಿತ್ತಾ?’

ಬಹುಶಃ ಆಗುತ್ತಿರಲಿಲ್ಲ. ಅವನ ಕೈಗೆ ಏನು ಕೊಡಬಹುದಿತ್ತು ಎಂಬುದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಕೈಗೆ ಕೆಲಸ

ಪಾಶ್ಚಾತ್ಯ ದೇಶಗಳಲ್ಲಿ ಕ್ರಿಸ್ಮಸ್ ಬಂದಾಗ ಪುಟ್ಟ ಮಕ್ಕಳಿಗೆ ಒಂದು ಅಗಲವಾದ ಡಬ್ಬಿಯಲ್ಲಿ ಹಬ್ಬಕ್ಕೆ ಸಂಬಂಧಿಸಿದ ವಸ್ತುಗಳನ್ನು ತುಂಬಿ ಆಡಲು ಕೊಡುವ ರೂಢಿ ಇದೆ. ಇದಕ್ಕೆ ‘ಸೆನ್ಸರಿ ಬಿನ್’ ಎನ್ನುತ್ತಾರೆ. ಮುಟ್ಟಿ, ಮೂಸಿ, ಸುರಿದು, ತೋಡಿ, ಶಬ್ದ ಮಾಡಿ ಆಡುವ ಬುಟ್ಟಿ ಎಂದರ್ಥ. ಈಗ ಇಲ್ಲಿಯೂ ಇಂಥ ಡಬ್ಬಿಗಳು ಸಾಕಷ್ಟು ದುಬಾರಿ ಬೆಲೆಗೆ ಮಾರಾಟಕ್ಕೆ ಬಂದಿವೆ. ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಸುಗ್ಗಿಯ ಕಾಲದ ಅಡುಗೆಮನೆಯಲ್ಲಿ ಇರುವಷ್ಟು ವಾಸನೆ, ಬಣ್ಣ, ಒರಟು ನಯಗಳು ಯಾವ ಅಂಗಡಿಯ ಡಬ್ಬಿಯಲ್ಲೂ ಇರಲಾರವು.

ಹುಟ್ಟಿನಿಂದ ಸುಮಾರು ಎರಡು ವರ್ಷದವರೆಗೆ ಮಗು ಪ್ರಪಂಚವನ್ನು ಅರಿಯುವುದು ಇಂದ್ರಿಯಗಳಿಂದ ಮತ್ತು ಕೈಕಾಲುಗಳ ಚಲನೆಯಿಂದ ಎಂದು ಸ್ವಿಟ್ಸರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ವಿವರಿಸಿದರು. 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ‘ಮಕ್ಕಳ ಮನೆ’ ತೆರೆದ ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿ ಅವರಂತೂ ಒರಟು ನಯ ಹಲಗೆಗಳು, ಬಗೆಬಗೆಯ ಬಟ್ಟೆಗಳು, ಮೂಸಿ ಗುರುತಿಸುವ ಸೀಸೆಗಳು ಇವುಗಳನ್ನೇ ಪಾಠದ ಸಾಮಗ್ರಿ ಮಾಡಿಕೊಂಡರು. 1939ರಲ್ಲಿ ಮದರಾಸಿಗೆ ಬಂದ ಆಕೆ ಯುದ್ಧದ ಕಾರಣ 1946ರವರೆಗೂ ಭಾರತದಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ನೀಡಿದರು. ನಮ್ಮಲ್ಲಿ ಅಕ್ಕಿಯ ತಟ್ಟೆಯಲ್ಲಿ ಮಗುವಿನ ಬೆರಳು ಹಿಡಿದು ಅಕ್ಷರಾಭ್ಯಾಸ ಮಾಡಿಸುವ ಸಂಪ್ರದಾಯ ಅದಕ್ಕಿಂತ ಎಷ್ಟೋ ಹಳೆಯದು.

ಹೀಗೆಂದು ಸುಗ್ಗಿ ಬುಟ್ಟಿಯಿಂದ ಮಗು ಮಹಾ ಬುದ್ಧಿವಂತವಾಗುತ್ತದೆಂದು ನಾನು ಹೇಳುವುದಿಲ್ಲ. ಡಬ್ಬಿ ಮಾರುವವರು ಹಾಗೆ ಹೇಳಿಕೊಳ್ಳುವುದುಂಟು, ನಂಬಬೇಡಿ. ಚಮಚದಲ್ಲಿ ತೋಡಿ ಲೋಟಕ್ಕೆ ಸುರಿಯುವ ಮಗುವಿನ ಮಣಿಕಟ್ಟು ತಿರುಗುವುದನ್ನು ಕಲಿಯುತ್ತದೆ. ಚಿಟಿಕೆ ಹಿಡಿಯುವ ಹೆಬ್ಬೆರಳು ತೋರುಬೆರಳು ಮುಂದೆ ಗುಂಡಿ ಹಾಕಲು, ಬಳಪ ಹಿಡಿಯಲು ಬೇಕಾಗುವ ಬೆರಳುಗಳೇ. ‘ಇದು ಒರಟು, ಇದು ತಣ್ಣಗಿದೆ, ಇದು ಘಮ್ಮೆನ್ನುತ್ತೆ’ ಎಂದು ನೀವು ಪಕ್ಕದಲ್ಲಿ ಕೂತು ಹೇಳುವ ಮಾತು ಮಗುವಿನ ಮಾತಾಗುತ್ತದೆ. ಮತ್ತೊಂದು ಲಾಭ, ಅಷ್ಟು ಹೊತ್ತು ಮೊಬೈಲ್ ಪಕ್ಕಕ್ಕಿರುತ್ತದೆ. ಎರಡು ವರ್ಷ ತುಂಬುವವರೆಗೆ ಮಕ್ಕಳನ್ನು ಟಿವಿ, ಮೊಬೈಲುಗಳ ಮುಂದೆ ಕೂರಿಸುವುದು ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ಮಾಡಿದೆ. ಹಬ್ಬದ ಕೆಲಸದ ಗಡಿಬಿಡಿಯಲ್ಲಿ ಆ ಸಲಹೆ ಮೊದಲು ಮರೆತುಹೋಗುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಬುಟ್ಟಿ ಹೇಗಿರಬೇಕು?

ಹಸುಗೂಸಿದ್ದಾಗ ಸ್ನಾನಕ್ಕೆಂದು ತಂದ ಪ್ಲಾಸ್ಟಿಕ್ ಟಬ್ಬು ಈಗ ಬಟ್ಟೆ ನೆನೆಸುವುದಕ್ಕೆ ಇಳಿದಿರುತ್ತದಲ್ಲವೇ? ಅದನ್ನು ಸಾಬೂನಿನ ಅಂಶ ಹೋಗುವಂತೆ ಚೆನ್ನಾಗಿ ತೊಳೆದು ಒಣಗಿಸಿ. ಅಗಲವಾದ ತಾಂಬಾಳವಾದರೂ ಸರಿ. ಮಗು ಕೂತಾಗ ಅಂಚು ಅದರ ಎದೆಗಿಂತ ಕೆಳಗಿರಬೇಕು, ಕೈ ಸಲೀಸಾಗಿ ತಳ ಮುಟ್ಟಬೇಕು. ಮೊರವೇ ಚೆಂದ ಎನ್ನಿಸಿದರೆ ಬಿದಿರಿನ ಸಿಬಿರು ಎದ್ದಿಲ್ಲವೆಂದು ಅಂಗೈಯಿಂದ ಸವರಿ ನೋಡಿಕೊಳ್ಳಿ. ಕೆಳಗೆ ಹಳೆಯ ದುಪ್ಪಟಿ ಹಾಸಿ. ಆಟ ಮುಗಿದಾಗ ನಾಲ್ಕು ಮೂಲೆ ಹಿಡಿದೆತ್ತಿದರೆ ಚೆಲ್ಲಿದ್ದೆಲ್ಲ ಗಂಟಿಗೆ ಬರುತ್ತದೆ. ದುಪ್ಪಟಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಯವಾದ ನೆಲದ ಮೇಲೆ ಚೆಲ್ಲಿದ ರಾಗಿಯಷ್ಟು ಜಾರುವ ವಸ್ತು ಇನ್ನೊಂದಿಲ್ಲ. ನಮ್ಮ ಮನೆಯಲ್ಲೇ ಮಗು ಆಡಿ ಎದ್ದುಹೋದ ಮೇಲೆ ರಾಗಿ ತುಳಿದು ಜಾರಿದ ನನ್ನ ಅತ್ತೆಯವರು ಬಾಗಿಲಚೌಕಟ್ಟು ಹಿಡಿದುಕೊಂಡದ್ದರಿಂದ ಸೊಂಟ ಉಳಿಸಿಕೊಂಡರು. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆಂಬುದು ಪ್ರತ್ಯೇಕ ಲೇಖನದ ವಿಷಯ.

ಒಳಗೆ ಏನು ಹಾಕಬೇಕೆಂಬುದು ಮಗುವಿನ ವಯಸ್ಸನ್ನು ಅವಲಂಬಿಸುತ್ತದೆ. ಇಲ್ಲಿ ಉದಾರಬುದ್ಧಿ ಬೇಡ.

ಕೂರಲು ಕಲಿತ ಮಗುವಿನಿಂದ ಹಿಡಿದು ಎರಡು ವರ್ಷದವರೆಗೆ ಕಾಳುಕಡಿ ಯಾವುದೂ ಬೇಡ. ಈ ವಯಸ್ಸಿನಲ್ಲಿ ಬಾಯಿಯೇ ಮೂರನೆಯ ಕೈ. ಏನು ಕೊಟ್ಟರೂ ಬಾಯಿಗೇ ಹೋಗುತ್ತದೆ, ಹೋಗಲಿ ಎಂದು ತಿಳಿದೇ ವಸ್ತುಗಳನ್ನು ಆರಿಸಬೇಕು. ಬ್ರಿಟನ್ನಿನ ಶಿಶುಶಿಕ್ಷಣ ತಜ್ಞೆ ಎಲಿನೋರ್ ಗೋಲ್ಡ್‌ಶ್ಮೀಡ್ ಅವರು ಇಂಥ ಕೂಸುಗಳಿಗೆಂದೇ ಮನೆಬಳಕೆಯ ವಸ್ತುಗಳನ್ನು ತುಂಬಿದ ‘ನಿಧಿ ಬುಟ್ಟಿ’ಯನ್ನು ಬಳಕೆಗೆ ತಂದರು. ನಮ್ಮ ಸಂಕ್ರಾಂತಿಯ ನಿಧಿ ಬುಟ್ಟಿಗೆ ತೊಳೆದ ಒಂದು ಪುಟ್ಟ ಸಿಹಿಗುಂಬಳ, ಸಕ್ಕರೆ ಅಚ್ಚು ಹುಯ್ಯುವ ಮರದ ಅಚ್ಚಿನ ಒಂದು ಹೋಳು, ಸ್ಟೀಲಿನ ಲೋಟ, ಮರದ ಸೌಟು, ಅಮ್ಮನ ಹಳೆಯ ರೇಷ್ಮೆ ಸೀರೆಯ ತುಂಡು (ಜರಿಯ ಎಳೆ ಕಿತ್ತು ಬರದಂಥದ್ದು), ಒರಟು ಪಂಚೆಯ ತುಂಡು ಇಷ್ಟು ಸಾಕು. ರೇಷ್ಮೆ ನಯ, ಪಂಚೆ ಒರಟು, ಲೋಟ ತಣ್ಣಗೆ, ಕುಂಬಳಕಾಯಿ ಭಾರ. ಮಗು ಕುಂಬಳಕಾಯಿಯನ್ನು ಎತ್ತಲು ಹೋಗಿ ಸೋಲುವುದನ್ನು ನೋಡುವುದೇ ಒಂದು ಹಬ್ಬ.

ಎರಡು ವರ್ಷ ದಾಟಿ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಅಭ್ಯಾಸ ಬಿಟ್ಟ ಮಗುವಿಗೆ ಎರಡು ಅಂಗುಲ ಆಳ ಬರುವಷ್ಟು ರಾಗಿ ಅಥವಾ ಅಕ್ಕಿ ಹಾಕಿ ಕೊಡಬಹುದು. ಅಭ್ಯಾಸ ಬಿಡದ ಮಗುವಾದರೆ ಇನ್ನೂ ಆರು ತಿಂಗಳು ಕಾಯಿರಿ. ಜೊತೆಗೆ ಪುಟ್ಟ ಲೋಟ, ದೊಡ್ಡ ಚಮಚ, ಜರಡಿ, ಲಾಳಿಕೆ. ಇಡಿಯಾದ ಚೆಂಡುಹೂ ನಾಲ್ಕು, ಮಾವಿನೆಲೆ ನಾಲ್ಕು. ಪೇಟೆಯ ಹೂವಿಗೆ ಔಷಧಿ ಹೊಡೆದಿರುವ ಸಂಭವವಿರುವುದರಿಂದ ನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸಿ ಹಾಕಿ. ಗೇಣುದ್ದದ ದಪ್ಪ ಕಬ್ಬಿನ ತುಂಡೊಂದನ್ನು ರಾಶಿಯ ನಡುವೆ ನೆಟ್ಟರೆ ಮಗುವಿಗೆ ಅದೇ ಗದ್ದೆ. ಕಬ್ಬನ್ನು ಸಿಪ್ಪೆ ಸಹಿತ ಸೀಳಿ ಕೊಡಬೇಡಿ, ಸಿಪ್ಪೆಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಭತ್ತದ ರಾಶಿ ನೋಡಲು ಸೊಗಸಾದರೂ ಅದರ ಮುಳ್ಳು ಮತ್ತು ಧೂಳು ಕಣ್ಣು ಮೂಗಿಗೆ ಒಗ್ಗುವುದಿಲ್ಲ. ತೆನೆಯ ಒಂದು ಸಣ್ಣ ಕಟ್ಟನ್ನು ನೀವು ಕೈಯಲ್ಲಿ ಹಿಡಿದು ಸವರಿಸಿದರೆ ಸಾಕು.

ಬಣ್ಣದ ಅಕ್ಕಿ ಬೇಕೆಂದರೆ ಅರಿಸಿನ ಕೊಂಬನ್ನು ಮನೆಯಲ್ಲೇ ಪುಡಿ ಮಾಡಿ, ಸ್ವಲ್ಪ ನೀರಿನಲ್ಲಿ ಕಲಸಿ, ಅಕ್ಕಿಗೆ ತಿಕ್ಕಿ, ನೆರಳಿನಲ್ಲಿ ಪೂರ್ತಿ ಒಣಗಿಸಿ. ಬಿಡಿಯಾಗಿ ಮಾರುವ ಅರಿಸಿನಕ್ಕೆ ಹಳದಿ ಹೆಚ್ಚಲೆಂದು ಸೀಸದ ಕ್ರೋಮೇಟ್ ಬೆರೆಸುವುದು ಭಾರತ, ಬಾಂಗ್ಲಾದೇಶಗಳಲ್ಲಿ ಪತ್ತೆಯಾಗಿದೆ. ಸೀಸ ಮಗುವಿನ ಮಿದುಳಿಗೆ ವಿಷ. ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆಂದು ಹಿರಿಯರು ಉತ್ಸಾಹದಿಂದ ಮುಂದೆ ಬಂದರೆ ನಯವಾಗಿ ತಡೆಯಿರಿ, ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ. ಅಂಗಡಿಯ ರಂಗೋಲಿ ಪುಡಿ ಕಲ್ಲಿನ ಪುಡಿ, ಉಸಿರಿನೊಡನೆ ಒಳಗೆ ಹೋಗಬಾರದು. ಕುಂಕುಮವೂ ಬುಟ್ಟಿಗೆ ಬೇಡ.

ನಾಲ್ಕು ವರ್ಷವಾದ ಮಕ್ಕಳಿಗೆ ನಿಜವಾದ ಸುಗ್ಗಿ. ಅವರೆಕಾಯಿಯನ್ನು ರಾಶಿ ಹಾಕಿ ಬಿಡಿಸಲು ಕೊಡಿ. ಸೊಗಡಿನ ಅವರೆ ಬಿಡಿಸಿದ ಬೆರಳುಗಳ ವಾಸನೆಯನ್ನು ಸಂಜೆಯವರೆಗೂ ಮೂಸಿಕೊಳ್ಳುವ ಸುಖ ನೀವೂ ಬಾಲ್ಯದಲ್ಲಿ ಅನುಭವಿಸಿರಬಹುದು. ನೆನೆಸಿದ ಕಾಳನ್ನು ಹಿಚುಕಿ ಬೇಳೆ ಚಿಮ್ಮಿಸುವ ಕೆಲಸಕ್ಕೆ ಮಕ್ಕಳಿಗಿಂತ ಒಳ್ಳೆಯ ಆಳು ಸಿಗುವುದಿಲ್ಲ, ಅರ್ಧ ಬೇಳೆ ಗೋಡೆಯ ಮೇಲಿರುತ್ತದೆ ಅಷ್ಟೇ. ಚಪಾತಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಮರದ ಅಚ್ಚಿನ ಹೋಳಿಗೆ ಒತ್ತಿ ತೆಗೆಯಲು ಹೇಳಿಕೊಡಿ. ಗಿಳಿ, ಆನೆ, ಮಂಟಪ ಬೆರಳ ತುದಿಯಲ್ಲಿ ಎದ್ದುಬರುವಾಗ ಅವರ ಮುಖ ನೋಡಬೇಕು. ಸಕ್ಕರೆ ಪಾಕದ ಹತ್ತಿರ ಮಾತ್ರ ಯಾವ ವಯಸ್ಸಿನ ಮಗುವನ್ನೂ ಬಿಡಬೇಡಿ. ಪಾಕ ಕುದಿಯುವ ನೀರಿಗಿಂತ ಬಿಸಿ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಹಸಿ ಹಿಟ್ಟನ್ನು ತಿನ್ನಲು ಬಿಡಬಾರದು, ಆಡಿದ ಹಿಟ್ಟನ್ನು ಚಪಾತಿಗೆ ಹಾಕಲೂಬಾರದು.

ಇನ್ನೊಂದು ಆಟವಿದೆ. ಬಟ್ಟೆಯ ಚೀಲದಲ್ಲಿ ಒಂದು ನಿಂಬೆಹಣ್ಣು, ಒಂದು ಗೆಣಸು, ಒಂದು ಹಿಡಿ ಗಾತ್ರದ ಬೆಲ್ಲದ ಉಂಡೆ, ಮರದ ಅಚ್ಚು ಹಾಕಿ. ಮಗು ನೋಡದೆ ಕೈ ಹಾಕಿ ಏನೆಂದು ಹೇಳಬೇಕು. ಗೆಣಸಿಗೆ ಒಂದು ಮಗು ‘ಇಲಿ’ ಎಂದು ಕಿರುಚಿ ಚೀಲ ಎಸೆದದ್ದನ್ನು ನಾನು ನೋಡಿದ್ದೇನೆ.

ಅನ್ನದೇವರ ಜೊತೆ ಆಟವೇ?

ಅಕ್ಕಿ ರಾಗಿಯನ್ನು ಆಡಲು ಕೊಡಿ ಎಂದರೆ ಹಿರಿಯರು ಮುಖ ಗಂಟಿಕ್ಕುವುದು ಸಹಜ. ಅವರ ಮಾತಿನಲ್ಲಿ ತಪ್ಪಿಲ್ಲ. ಊಟಕ್ಕೆ ಬರುವ ಧಾನ್ಯವನ್ನು ಚೆಲ್ಲಿಸಲು ನಾನೂ ಹೇಳುವುದಿಲ್ಲ. ನುಚ್ಚು, ಹಳೆಯದಾಗಿ ಬದಿಗಿಟ್ಟ ಅಕ್ಕಿ, ಕಡೆಯ ರಾಗಿ ಇಂಥವನ್ನು ಬಳಸಿ, ಆಟ ಮುಗಿದ ಮೇಲೆ ಹಕ್ಕಿಗಳಿಗೋ ಹಸುವಿಗೋ ಹಾಕಬಹುದು. ಮನಸ್ಸು ಒಪ್ಪದಿದ್ದರೆ ಮರಳು ಇದೆಯಲ್ಲ. ಜರಡಿ ಹಿಡಿದು, ಎರಡು ಮೂರು ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿದ ಮರಳು. ಮನೆ ಕಟ್ಟುವವರ ರಾಶಿಯಿಂದ ನೇರವಾಗಿ ತಂದದ್ದು ಬೇಡ, ಅದರಲ್ಲಿ ಬೆಕ್ಕು ನಾಯಿಗಳು ಹೊಲಸು ಮಾಡಿರುತ್ತವೆ, ಜಂತುಹುಳುವಿನ ಮೊಟ್ಟೆ ಇರಬಹುದು.

ಧಾನ್ಯ ಎಲ್ಲಿಂದ ಬಂತೆಂಬುದನ್ನೂ ಯೋಚಿಸಿ. ಹುಳು ಹಿಡಿಯದಿರಲೆಂದು ಬೋರಿಕ್ ಪುಡಿ ಬೆರೆಸಿದ ಕಾಳು, ನುಸಿಗುಳಿಗೆ ಇಟ್ಟ ಪೆಟ್ಟಿಗೆಯಲ್ಲಿದ್ದ ಬಟ್ಟೆ, ಹುಳುವಿಗೆ ಗುಳಿಗೆ ಹಾಕಿ ಶೇಖರಿಸಿದ ಭತ್ತ ಇವು ಮಗುವಿನ ಕೈಗೆ ಬರಕೂಡದು. ರೈತರ ಮನೆಗಳಲ್ಲಿ ಗುಲಾಬಿ ಅಥವಾ ನೀಲಿ ಬಣ್ಣದ ಬಿತ್ತನೆ ಬೀಜದ ಉಳಿಕೆ ಇರುತ್ತದೆ. ನೋಡಲು ಆಕರ್ಷಕ, ಆದರೆ ಅದು ಕೀಟನಾಶಕ ಇಲ್ಲವೇ ಶಿಲೀಂಧ್ರನಾಶಕ ಸವರಿದ ಬೀಜವೆಂಬುದರ ಗುರುತೇ ಆ ಬಣ್ಣ.

ಹಬ್ಬದ ಮನೆಯಲ್ಲಿ ಸಿಗುವ ಇನ್ನು ಕೆಲವು ವಸ್ತುಗಳು ಹೀಗೆಯೇ ಮೋಸ ಮಾಡುತ್ತವೆ. ಅಜ್ಜಿಯ ಅಳಗುಳಿಮಣೆಯೊಂದಿಗೆ ಬರುವ ಗುಲಗಂಜಿ ಕೆಂಪು ಕಪ್ಪಿನ ಒಡವೆಯಂತಿದ್ದರೂ ಅಗಿದರೆ ಘೋರ ವಿಷ. ಹರಳು ಬೀಜವೂ ಅಷ್ಟೇ. ಪೂಜೆಗೆ ತರುವ ಕಣಗಿಲೆಯ ಹೂ, ಎಲೆ, ಕಡ್ಡಿ ಎಲ್ಲವೂ ವಿಷ. ಹುಣಸೆಬೀಜ, ಕಡಲೆ, ತೊಗರಿ ವಿಷವಲ್ಲ, ಆದರೆ ಅವು ನೇರವಾಗಿ ಮೂಗಿಗೆ ಹೋಗುತ್ತವೆ. ಮೂಗಿನ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಸುರಿಯುತ್ತಿದ್ದರೆ ನೆಗಡಿಯೆಂದು ಕೂರಬೇಡಿ, ಒಳಗೆ ಏನೋ ಇದೆ. ಕಿವಿಗೆ ಕಾಳು ಹೋದರೆ ನೀರು ಹಾಕಿ ತೆಗೆಯಲು ಹೋಗಬಾರದು, ಕಾಳು ನೆನೆದು ಉಬ್ಬಿ ಇನ್ನೂ ಬಿಗಿಯಾಗುತ್ತದೆ. ಹೂದಾನಿಯ ಅಲಂಕಾರಕ್ಕೆಂದು ಮಾರುವ ಬಣ್ಣದ ಜೆಲ್ ಗುಂಡುಗಳನ್ನು ಕೆಲವರು ಇಂಥ ಬುಟ್ಟಿಗೆ ಹಾಕುತ್ತಾರೆ. ಒಣಗಿದ್ದಾಗ ಸಾಸಿವೆಯಷ್ಟಿರುವ ಅವು ನೀರು ಹೀರಿ ಗೋಲಿಯಷ್ಟಾಗುತ್ತವೆ. ನುಂಗಿದರೆ ಕರುಳಿನಲ್ಲಿ ಉಬ್ಬಿ ಅಡ್ಡ ಕೂರುತ್ತವೆ, ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದೂ ಇಲ್ಲ. ಮಿಣುಕುವ ಪ್ಲಾಸ್ಟಿಕ್ ಹಣತೆಗಳೂ ಬೇಡ. ಅವುಗಳೊಳಗಿನ ಗುಂಡಿಯಾಕಾರದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟಗಾಯ ಮಾಡಬಲ್ಲದು.

ಯಾವ ವಸ್ತು ಚಿಕ್ಕದು, ಯಾವುದು ದೊಡ್ಡದು ಎಂದು ನಿರ್ಧರಿಸಲು ಒಂದು ಅಳತೆ ಇದೆ. ಆಟಿಕೆಗಳನ್ನು ಪರೀಕ್ಷಿಸುವವರು ಬಳಸುವ ಕೊಳವೆಯ ಬಾಯಿ ಸುಮಾರು ಒಂದೂಕಾಲು ಅಂಗುಲ. ಹಳೆಯ ಕ್ಯಾಮೆರಾ ರೀಲಿನ ಡಬ್ಬಿ ಮನೆಯಲ್ಲಿ ಉಳಿದಿದ್ದರೆ ಹೆಚ್ಚುಕಡಿಮೆ ಅದೇ ಅಳತೆ. ಅದರೊಳಗೆ ಇಳಿಯುವ ಗಟ್ಟಿ ವಸ್ತು ಯಾವುದನ್ನೂ ಮೂರು ವರ್ಷದೊಳಗಿನ ಮಗುವಿಗೆ ಕೊಡಬಾರದು. ‘ಹಾಗಾದರೆ ಅಕ್ಕಿಕಾಳು?’ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅಕ್ಕಿ ರಾಗಿ ಶ್ವಾಸನಾಳವನ್ನು ಮುಚ್ಚುವಷ್ಟು ದೊಡ್ಡದಲ್ಲ ನಿಜ, ಆದರೂ ಪೂರ್ತಿ ನಿರಪಾಯವಲ್ಲ. ಅದಕ್ಕೇ ಎರಡು ವರ್ಷದ ಗಡಿ, ಅದಕ್ಕೇ ದೊಡ್ಡವರೊಬ್ಬರು ಕೈಗೆಟುಕುವಷ್ಟು ಹತ್ತಿರ ಕೂತಿರಬೇಕೆಂಬ ನಿಯಮ. ಬುಟ್ಟಿ ಕೊಟ್ಟು ಒಗ್ಗರಣೆ ಹಾಕಲು ಎದ್ದುಹೋಗುವುದಾದರೆ ಬುಟ್ಟಿಯನ್ನೂ ಎತ್ತಿಕೊಂಡು ಹೋಗಿ. ನೀರಿನ ಟಬ್ಬಿಗಂತೂ ಇದು ಇನ್ನೂ ಕಟ್ಟುನಿಟ್ಟು. ಎರಡು ಅಂಗುಲ ನೀರಿನಲ್ಲೂ ಕೂಸು ಮುಳುಗಬಲ್ಲದು.

ಎಳ್ಳು ಬೆಲ್ಲದ ಮಾತು

ಮಗುವಿಗೆ ಎಳ್ಳು ಕೊಡಲೇಬಾರದೇ? ಕೊಡಬಹುದು, ಪುಡಿ ಮಾಡಿ. ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿಯನ್ನು ಒಂದು ಚೂರೂ ಉಳಿಯದಂತೆ ನುಣ್ಣಗೆ ಕುಟ್ಟಿ, ಗಂಜಿಗೋ ಮೊಸರಿಗೋ ಬೆರೆಸಿ ತಿನ್ನಿಸಿ. ಮೊದಲ ಬಾರಿಯಾದರೆ ತುದಿಬೆರಳಿನಷ್ಟು ಕೊಟ್ಟು ನೋಡಿ, ಕೆಲವು ಮಕ್ಕಳಿಗೆ ಎಳ್ಳು, ಕಡಲೆಕಾಯಿ ಒಗ್ಗುವುದಿಲ್ಲ. ಮೈಮೇಲೆ ತೀವ್ರವಾದ ಇಸುಬು ಇರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿ. ಇಡೀ ಬೀಜ ಅಥವಾ ಹೋಳು ಮಾತ್ರ ನಾಲ್ಕು ವರ್ಷದವರೆಗೆ ಬೇಡ. ಅರೆಯುವ ಹಿಂದಿನ ದವಡೆ ಹಲ್ಲುಗಳು ಸಾಮಾನ್ಯವಾಗಿ ಎರಡರಿಂದ ಎರಡೂಮುಕ್ಕಾಲು ವರ್ಷದ ಹೊತ್ತಿಗೆ ಬರುತ್ತವೆ. ಬಂದ ಮೇಲೂ ಅಗಿದು ನುಂಗುವುದನ್ನು ಕಲಿಯಲು ಸಮಯ ಬೇಕು. ಮುಂದಿನ ಹಲ್ಲಿನಲ್ಲಿ ಕಚ್ಚಿದ ಬೀಜ ನಗುವಾಗ, ಅಳುವಾಗ, ಓಡುವಾಗ ಎಳೆದುಕೊಂಡ ಉಸಿರಿನೊಡನೆ ಕೆಳಗಿಳಿಯುತ್ತದೆ. ಎಳ್ಳು ಬೀರಲು ಬಂದ ನೆರೆಯವರು ಪ್ರೀತಿಯಿಂದ ಮಗುವಿನ ಅಂಗೈಗೆ ಹಾಕುವುದನ್ನು ನಿವಾರಿಸುವುದು ಕಷ್ಟ. ಪೊಟ್ಟಣವನ್ನು ನೀವೇ ಕೈ ಚಾಚಿ ತೆಗೆದುಕೊಂಡುಬಿಡಿ. ಮಗುವಿನ ತಲೆಯ ಮೇಲೆ ಎಲಚಿಹಣ್ಣು, ಕಬ್ಬಿನ ಚೂರು, ನಾಣ್ಯ ಎರೆಯುವ ಪದ್ಧತಿ ಇದ್ದವರು ಆರತಿ ಮುಗಿದ ತಕ್ಷಣ ನೆಲದಿಂದ ಎಲ್ಲವನ್ನೂ ಎಣಿಸಿ ಎತ್ತಿಡಿ. ಎಷ್ಟು ನಾಣ್ಯ ಹಾಕಿದ್ದಿರೋ ಅಷ್ಟೂ ಸಿಗಬೇಕು.

ಎಷ್ಟು ಎಚ್ಚರವಿದ್ದರೂ ಅವಘಡ ಸಂಭವಿಸಬಹುದು. ಗಂಟಲಿಗೆ ಸಿಕ್ಕಿ ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳಲು ಶಬ್ದ ಬರುತ್ತಿದ್ದರೆ ಕೆಮ್ಮಲು ಬಿಡಿ. ಬೆರಳು ಹಾಕಿ ತಡಕಬೇಡಿ, ನೀರು ಕುಡಿಸಬೇಡಿ, ಬಾಳೆಹಣ್ಣು ನುಂಗಿಸಬೇಡಿ, ಕಾಲು ಹಿಡಿದು ತಲೆಕೆಳಗು ಮಾಡಬೇಡಿ. ಕೆಮ್ಮು ನಿಂತು, ದನಿ ಅಡಗಿ, ತುಟಿ ನೀಲಿಯಾಗತೊಡಗಿದರೆ ಒಬ್ಬರು 108ಕ್ಕೆ ಫೋನ್ ಮಾಡಲಿ, ನೀವು ಕೂಡಲೇ ಕೆಲಸಕ್ಕಿಳಿಯಿರಿ. ಒಂದು ವರ್ಷದೊಳಗಿನ ಕೂಸಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಕ್ಕಿರುವಂತೆ ಹಿಡಿದು, ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ ಅಂಗೈ ಹಿಮ್ಮಡಿಯಿಂದ ಐದು ಬಾರಿ ಬಲವಾಗಿ ತಟ್ಟಿ. ನಂತರ ಅಂಗಾತ ತಿರುಗಿಸಿ ಎದೆಮೂಳೆಯ ಮೇಲೆ ಐದು ಬಾರಿ ಒತ್ತಿ. ವರ್ಷ ದಾಟಿದ ಮಗುವಾದರೆ ಮುಂದಕ್ಕೆ ಬಾಗಿಸಿ ಐದು ಬಾರಿ ಬೆನ್ನಿಗೆ ತಟ್ಟಿ, ಆಮೇಲೆ ಹಿಂದಿನಿಂದ ತಬ್ಬಿ, ಹೊಕ್ಕುಳ ಮೇಲೆ ಪಕ್ಕೆಲುಬುಗಳ ಕೆಳಗೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತಿ. ವಸ್ತು ಹೊರಬರುವವರೆಗೆ ಒಂದರ ನಂತರ ಒಂದು ಹೀಗೆಯೇ ಮುಂದುವರಿಸಬೇಕು. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಎದೆ ಒತ್ತುವ ಪ್ರಥಮ ಚಿಕಿತ್ಸೆ ಆರಂಭಿಸಬೇಕು. ಇದನ್ನು ಓದಿ ಕಲಿಯುವುದಕ್ಕಿಂತ ಒಮ್ಮೆ ನಿಮ್ಮ ವೈದ್ಯರ ಬಳಿ ಬೊಂಬೆಯ ಮೇಲೆ ಮಾಡಿ ತೋರಿಸಿಕೊಳ್ಳುವುದು ಮೇಲು.

ಇನ್ನು ಆ ಅಜ್ಜಿಯ ಮನೆಯಲ್ಲಿ ಆದದ್ದು. ಉಸಿರು ಕಟ್ಟಿದಂತಾಗಿ ಕೆಮ್ಮಿದ ಮಗು ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾಗಿ ಆಡತೊಡಗಿದರೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಬೀಜ ಹೊರಬಂದದ್ದನ್ನು ಕಣ್ಣಾರೆ ನೋಡದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ವಸ್ತು ಶ್ವಾಸನಾಳದ ಕೆಳಗಿನ ಕವಲಿಗೆ ಇಳಿದಾಗ ಆರಂಭದ ಕೆಮ್ಮು ತಗ್ಗಿ, ಕೆಲವು ಗಂಟೆ, ಕೆಲವೊಮ್ಮೆ ಕೆಲವು ದಿನ ಮಗು ಆರೋಗ್ಯವಾಗಿರುವಂತೆಯೇ ಕಾಣುತ್ತದೆ. ಕಡಲೆಕಾಯಿ ಬೀಜ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆದುದರಿಂದ ‘ಎಕ್ಸ್‌ರೇ ಚೆನ್ನಾಗಿದೆ’ ಎಂಬ ಮಾತಿಗೆ ಸಮಾಧಾನಪಡಬೇಡಿ. ‘ಇಂಥ ದಿನ, ಇಂಥದ್ದನ್ನು ತಿನ್ನುವಾಗ ಉಸಿರು ಕಟ್ಟಿತ್ತು’ ಎಂದು ನೀವಾಗಿ ಹೇಳಬೇಕು. ರೋಗ ಪತ್ತೆಗೆ ಆ ಒಂದು ವಾಕ್ಯ ನಮ್ಮ ಉಪಕರಣಗಳಿಗಿಂತ ಹೆಚ್ಚು ನೆರವಾಗುತ್ತದೆ. ಸೊಸೆ ಬೈದಾಳೆಂದು ಅತ್ತೆ, ಅತ್ತೆ ಏನೆಂದಾರೋ ಎಂದು ಸೊಸೆ ಮುಚ್ಚಿಟ್ಟ ಪ್ರಸಂಗಗಳನ್ನು ನಾನು ಕಂಡಿದ್ದೇನೆ.

ಮಗು ಮುಟ್ಟದಿದ್ದರೆ?

ನೀವು ಇಷ್ಟೆಲ್ಲ ಸಿದ್ಧಮಾಡಿದ ಮೇಲೆ ಮಗು ರಾಗಿ ಮುಟ್ಟಿ ಕೈ ಕೊಡವಿ ಅಳಬಹುದು. ಕೈ ಹಿಡಿದು ಅದ್ದಿಸಬೇಡಿ. ಚಮಚ ಕೊಡಿ, ಅಥವಾ ನೀವೇ ಆಡುತ್ತ ಕೂರಿ. ಮೂರನೆಯ ದಿನ ತಾನಾಗಿ ಬೆರಳಿಡುತ್ತದೆ. ಅಂಟು, ಒರಟು ಕೆಲವು ಮಕ್ಕಳಿಗೆ ಹಿಡಿಸುವುದಿಲ್ಲ, ಅದೊಂದೇ ಕಾಯಿಲೆಯ ಲಕ್ಷಣವಲ್ಲ. ಆದರೆ ಬಟ್ಟೆ ತೊಡಿಸುವುದು, ತಲೆ ಬಾಚುವುದು, ಊಟ ಎಲ್ಲದಕ್ಕೂ ಇದೇ ರಂಪವಾಗಿ, ಜೊತೆಗೆ ಹೆಸರು ಹಿಡಿದು ಕರೆದರೆ ತಿರುಗದ, ಒಂದೂವರೆ ವರ್ಷವಾದರೂ ಬೇಕಾದದ್ದನ್ನು ಬೆರಳು ತೋರಿಸಿ ಕೇಳದ ಮಗುವಾದರೆ ಮಕ್ಕಳ ತಜ್ಞರಿಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿ ಇಂಥ ಮಕ್ಕಳ ತಪಾಸಣೆಗೆ ವ್ಯವಸ್ಥೆ ಇದೆ. ‘ಗಂಡು ಮಗು, ಮಾತು ತಡ’ ಎಂದು ಮೂರು ವರ್ಷ ಕಾಯುವುದು ಸಲ್ಲದು.

ಒಂದು ಸಲಕ್ಕೆ ಇಪ್ಪತ್ತು ನಿಮಿಷದ ಆಟ ಸಾಕು. ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸೋಪು ಹಾಕಿ ಕೈ ತೊಳೆಸಿ. ಕೆಮ್ಮು ನೆಗಡಿ ಇರುವ ಮಗುವಿಗೆ ಪ್ರತ್ಯೇಕ ತಟ್ಟೆ. ಜೊಲ್ಲು, ನೀರು ಬಿದ್ದ ಧಾನ್ಯವನ್ನು ಅದೇ ದಿನ ತೆಗೆದುಬಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಒಣಗಿದ್ದನ್ನು ಮುಚ್ಚಳದ ಡಬ್ಬಿಗೆ ಹಾಕಿ, ‘ಆಟದ್ದು’ ಎಂದು ಚೀಟಿ ಅಂಟಿಸಿಟ್ಟರೆ ಒಂದು ವಾರ ಬಳಸಬಹುದು. ಚೀಟಿ ಅಂಟಿಸಲು ಮರೆಯಬೇಡಿ. ನಮ್ಮ ಮನೆಯಲ್ಲಿ ಅರಿಸಿನದ ಅಕ್ಕಿಯನ್ನು ಯಾರೋ ಮಂತ್ರಾಕ್ಷತೆಯೆಂದು ತಿಳಿದು ದೇವರ ಕೋಣೆಗೆ ಸೇರಿಸಿ, ಹಬ್ಬದ ದಿನ ಬಂದವರಿಗೆಲ್ಲ ಅದನ್ನೇ ಕೊಟ್ಟು ಆಶೀರ್ವಾದ ಪಡೆದಿದ್ದೇವೆ.